ಇಪ್ಪತ್ತೈದು ವರ್ಷದ ಹಳೆಯ ಟಿವಿಗೆ ಡಿಜಿಟಲ್ ಪ್ರಸಾರ: ಮಣ್ಣಿನ ಮಾಳಿಗೆಯ ಮನೆಯಲ್ಲಿ ಏನು ಮಾಡಬೇಕು?

ಪ್ರಶ್ನೆ
ಘಟಪ್ರಭಾ ದಂಡೆ, ಮುಧೋಳ ತಾಲ್ಲೂಕು

ಎಲ್ಲರಿಗೂ ಶರಣು. ನಮ್ಮ ಮನೆಯಲ್ಲಿ 1999ರಲ್ಲಿ ಕೊಂಡ 21 ಇಂಚಿನ, ಪಿಕ್ಚರ್ ಟ್ಯೂಬಿನ ಬಣ್ಣದ ಟಿವಿ ಇದೆ. ಆ ವರ್ಷದ ಕಬ್ಬಿನ ಬಿಲ್ಲು ಕೈಗೆ ಬಂದಾಗ ಅಪ್ಪ ತಂದದ್ದು. ಅಪ್ಪ ಈಗಿಲ್ಲ. ಮಾಳಿಗೆಯ ಮೇಲಿನ ಅಲ್ಯುಮಿನಿಯಂ ಆಂಟೆನಾದಿಂದ ದೂರದರ್ಶನ ಬರುತ್ತಿದ್ದಷ್ಟು ಕಾಲ ಅವ್ವ ಸಂಜೆ ಹೊತ್ತು ಚಂದನ ವಾಹಿನಿಯ ವಾರ್ತೆ, ರಸಪ್ರಶ್ನೆ, ವಚನ ಗಾಯನ ನೋಡುತ್ತಿದ್ದಳು. ಕೆಲವು ವರ್ಷಗಳಿಂದ ಪರದೆಯ ಮೇಲೆ ಚುಕ್ಕಿಗಳು, ಸರ್ರೆಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಟಿವಿ ಕೆಟ್ಟಿದೆಯೆಂದು ತಿಳಿದು ಗಾಡಿಯಲ್ಲಿ ಹೇರಿಕೊಂಡು ಊರಿನ ರಿಪೇರಿಯವರಲ್ಲಿಗೆ ಒಯ್ದಿದ್ದೆ. ಅವರು ಒಳಗಿನ ಧೂಳು ತೆಗೆದು, ಟಿವಿಯಲ್ಲಿ ದೋಷವೇನೂ ಇಲ್ಲವೆಂದು ಹೇಳಿ ಕಳುಹಿಸಿದರು.

ಆ ಮೇಲೆ ಒಂದು ಅಂಗಡಿಯಲ್ಲಿ 'ಡಿಜಿಟಲ್ ಆಂಟೆನಾ' ಎಂಬ ಹೆಸರಿನ ಚಪ್ಪಟೆ ಆಂಟೆನಾವನ್ನೂ ಅದರ ಜೊತೆಗೆ ಒಂದು ಚಿಕ್ಕ ಬಾಕ್ಸನ್ನೂ ಕೊಟ್ಟು, ಇದನ್ನು ಜೋಡಿಸಿದರೆ ಎಲ್ಲವೂ ಬರುತ್ತದೆ ಎಂದರು. ಮನೆಗೆ ತಂದು ಜೋಡಿಸಿ ತಾಸುಗಟ್ಟಲೆ ಹುಡುಕಿಸಿದರೂ ಒಂದೇ ಒಂದು ವಾಹಿನಿ ಸಿಗಲಿಲ್ಲ. ಈಗ ಬಂಧುಗಳೆಲ್ಲ ಹಳೆಯದನ್ನು ಗುಜರಿಗೆ ಹಾಕಿ ಹೊಸ ಎಲ್‌ಇಡಿ ತನ್ನಿ ಎನ್ನುತ್ತಿದ್ದಾರೆ. ಅಪ್ಪ ತಂದ ಟಿವಿ ನಡೆಯುತ್ತಿರುವಾಗ ಹೊರಗೆ ಹಾಕುವುದಕ್ಕೆ ಅವ್ವ ಒಪ್ಪುತ್ತಿಲ್ಲ, ನನಗೂ ಮನಸ್ಸಿಲ್ಲ. ಈ ಟಿವಿಯಲ್ಲಿ ಮತ್ತೆ ಪ್ರಸಾರ ನೋಡುವುದು ಸಾಧ್ಯವೇ? ಸಾಧ್ಯವಿದ್ದರೆ ಯಾವ ಸಾಮಾನು ತರಬೇಕು, ಅದನ್ನು ಎಲ್ಲಿ ಕೂಡಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1
ಟಿವಿ ರಿಪೇರಿ, ಶಹಾಪುರ, ಬೆಳಗಾವಿ

ನಿಮ್ಮ ಟಿವಿ ಕೆಟ್ಟಿಲ್ಲ, ಅದಕ್ಕೆ ಬರುತ್ತಿದ್ದ ಪ್ರಸಾರ ನಿಂತಿದೆ. ಅಲ್ಯುಮಿನಿಯಂ ಆಂಟೆನಾ ಹಿಡಿಯುತ್ತಿದ್ದದ್ದು ನೆಲದ ಮೇಲಿನ ಟವರುಗಳಿಂದ ಬರುತ್ತಿದ್ದ ಅನಲಾಗ್ ಪ್ರಸಾರವನ್ನು. ಪ್ರಸಾರ ಭಾರತಿ ಆ ಟ್ರಾನ್ಸ್‌ಮಿಟರುಗಳನ್ನು ಹಂತಹಂತವಾಗಿ ಮುಚ್ಚುತ್ತ ಬಂದು, ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು 50ನ್ನು ಬಿಟ್ಟು ಉಳಿದವನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಪ್ರಕಟಿಸಿತ್ತು. ಆದ್ದರಿಂದ ಆಂಟೆನಾವನ್ನು ಎಷ್ಟು ಎತ್ತರಕ್ಕೆ ಏರಿಸಿದರೂ, ಯಾವ ದಿಕ್ಕಿಗೆ ತಿರುಗಿಸಿದರೂ ಅದಕ್ಕೆ ಹಿಡಿಯಲು ಏನೂ ಇಲ್ಲ.

ನಿಮಗೆ ಅಂಗಡಿಯಲ್ಲಿ ಕೊಟ್ಟದ್ದು ಡಿವಿಬಿ-ಟಿ2 ಎಂಬ ಬಗೆಯ ಬಾಕ್ಸ್ ಇರಬೇಕು. ಅದು ಸುಳ್ಳು ಸಾಮಾನಲ್ಲ, ಆದರೆ ನಮ್ಮ ಸೀಮೆಯಲ್ಲಿ ಅದಕ್ಕೆ ಕೆಲಸವಿಲ್ಲ. ದೂರದರ್ಶನವು ನೆಲದ ಮೇಲಿನ ಡಿಜಿಟಲ್ ಪ್ರಸಾರವನ್ನು 2016ರಲ್ಲಿ ದೇಶದ 16 ನಗರಗಳಲ್ಲಿ ಆರಂಭಿಸಿದಾಗ ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಮಾತ್ರ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಯಾವುದೂ ಅದರಲ್ಲಿ ಇರಲಿಲ್ಲ. ಗಿರಾಕಿಗೆ ಇಷ್ಟನ್ನು ಹೇಳದೆ ಆ ಬಾಕ್ಸ್ ಮಾರುವುದು ತಪ್ಪು. ರಸೀದಿ ಇದ್ದರೆ ಒಯ್ದು ಮರಳಿಸಿ, ಅದು ನಿಮ್ಮ ಹಕ್ಕು.

ನಿಮ್ಮ ತಾಯಿಯವರಿಗೆ ಬೇಕಾಗಿರುವುದು ಚಂದನವಾದ್ದರಿಂದ ಡಿಡಿ ಫ್ರೀ ಡಿಶ್ ಸಾಕು. ಇದು 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾದ ದೂರದರ್ಶನದ ಉಪಗ್ರಹ ಸೇವೆ. ಒಮ್ಮೆ ಸಾಮಾನು ಕೊಂಡರೆ ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. 60 ಸೆಂಟಿಮೀಟರ್ ಅಗಲದ ಡಿಶ್, ಅದರ ಮುಂದೆ ಕೂತು ಸಂಕೇತವನ್ನು ಹಿಡಿದು ವೈರಿಗೆ ಕೊಡುವ ಎಲ್‌ಎನ್‌ಬಿ, ಆರ್‌ಜಿ-6 ವೈರು ಮತ್ತು ಸೆಟ್ ಟಾಪ್ ಬಾಕ್ಸ್ ಇಷ್ಟೇ ಬೇಕಾಗುವುದು. ಬಾಕ್ಸ್ ಕೊಳ್ಳುವಾಗ ಎರಡು ವಿಷಯಗಳನ್ನು ಕೇಳಿ ಖಚಿತಪಡಿಸಿಕೊಳ್ಳಿ. ಮೊದಲನೆಯದಾಗಿ, ಅದು ಎಂಪೆಗ್-4 ಬಾಕ್ಸ್ ಆಗಿರಬೇಕು, ಏಕೆಂದರೆ ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಈ ಸೇವೆಯ ಕೆಲವು ವಾಹಿನಿಗಳು ತೆರೆಯುವುದಿಲ್ಲ. ಎರಡನೆಯದಾಗಿ, ಅದರ ಹಿಂದೆ ಹಳದಿ, ಬಿಳಿ, ಕೆಂಪು ಬಣ್ಣದ ಎವಿ (ಚಿತ್ರ ಮತ್ತು ಧ್ವನಿಯ) ತೂತುಗಳು ಇರಬೇಕು. ಎಚ್‌ಡಿಎಂಐ ಒಂದೇ ಇರುವ ಬಾಕ್ಸ್ ತಂದರೆ ನಿಮ್ಮ ಟಿವಿಗೆ ಜೋಡಿಸಲು ಎಚ್‌ಡಿಎಂಐಯನ್ನು ಎವಿಗೆ ಬದಲಿಸುವ ಇನ್ನೊಂದು ಚಿಕ್ಕ ಪೆಟ್ಟಿಗೆ, ಅದಕ್ಕೊಂದು ಚಾರ್ಜರು ಎಂದು ಖರ್ಚು ಬೆಳೆಯುತ್ತದೆ.

ಈಗ ಟಿವಿಯ ಹಿಂಬದಿಯನ್ನು ನೋಡಿ ಬರೆಯಿರಿ. ಬಣ್ಣದ ದುಂಡು ತೂತುಗಳಿದ್ದರೆ ಕೆಲಸ ಸುಲಭ. ಆಂಟೆನಾದ ತೂತು ಒಂದೇ ಇದ್ದರೆ ಬಾಕ್ಸಿನ ಎವಿಯನ್ನು ಚಾನೆಲ್ ಆಗಿ ಮಾರ್ಪಡಿಸುವ ಆರ್‌ಎಫ್ ಮಾಡ್ಯುಲೇಟರ್ ನಡುವೆ ಬೇಕಾಗುತ್ತದೆ. ಕಟಕಟ ತಿರುಗಿಸುವ ಗುಬ್ಬಿಯ, 12 ಚಾನೆಲ್ಲಿನ ಕಪ್ಪು ಬಿಳುಪು ಟಿವಿ ಇಟ್ಟುಕೊಂಡವರು ಇನ್ನೂ ಕೆಲವರಿದ್ದಾರೆ. ಅವರಿಗಾಗಿ ಒಂದು ಮಾತು ಸೇರಿಸುತ್ತೇನೆ: ಆ ಟಿವಿಗಳು ವಿಎಚ್‌ಎಫ್ ಎಂಬ ಕೆಳಗಿನ ತರಂಗಪಟ್ಟಿಯನ್ನು ಮಾತ್ರ ಹಿಡಿಯುವುದರಿಂದ ಅದರ ಮೇಲಿನ ಯುಎಚ್‌ಎಫ್‌ನಲ್ಲಿ ಬಿಡುವ ಮಾಡ್ಯುಲೇಟರ್ ತಂದರೆ ಪ್ರಯೋಜನವಿಲ್ಲ, ಅಲ್ಲದೆ ಚಪ್ಪಟೆ ವೈರಿನ ಆಂಟೆನಾ ತಿರುಪುಗಳಿಗೆ ಜೋಡಿಸಲು 75 ಓಮಿನಿಂದ 300 ಓಮಿಗೆ ಹೊಂದಿಸುವ ಬಾಲುನ್ ಬೇಕು.

ಯಾರು ಏನೇ ಹೇಳಿದರೂ ಪಿಕ್ಚರ್ ಟ್ಯೂಬಿನ ಟಿವಿಯ ಹಿಂಬದಿಯ ಮುಚ್ಚಳವನ್ನು ನೀವಾಗಿ ತೆಗೆಯಬೇಡಿ. ಬಣ್ಣದ ಟ್ಯೂಬಿಗೆ ಹೋಗುವ ದಪ್ಪ ಕೆಂಪು ವೈರಿನಲ್ಲಿ 20,000 ವೋಲ್ಟಿಗಿಂತ ಹೆಚ್ಚು ಇರುತ್ತದೆ, ಮತ್ತು ಪ್ಲಗ್ಗು ತೆಗೆದ ಮೇಲೂ ಟ್ಯೂಬಿನಲ್ಲಿ ಕೆಲಹೊತ್ತು ಅದು ಉಳಿದಿರುತ್ತದೆ. ನಮಗೆ ಬೇಕಾದ ಜೋಡಣೆಯೆಲ್ಲ ಹೊರಗಿನಿಂದಲೇ ಆಗುವಂಥದ್ದು.

ಘಟಪ್ರಭಾ ದಂಡೆ

ತುಂಬಾ ಉಪಕಾರವಾಯಿತು ಸರ್. ಟಿವಿಯ ಹಿಂದೆ ಹಳದಿ ಒಂದು, ಬಿಳಿ ಒಂದು, ಎರಡೇ ತೂತುಗಳಿವೆ, ಕೆಂಪು ಇಲ್ಲ. ರಿಮೋಟು ಎಂದೋ ಕಳೆದಿದೆ. ಇನ್ನೆರಡು ತೊಂದರೆಗಳಿವೆ. ನಮ್ಮದು ಮಣ್ಣಿನ ಮಾಳಿಗೆಯಾದ್ದರಿಂದ ಅಲ್ಲಿ ತೂತು ಕೊರೆದು ಬೋಲ್ಟು ಹಾಕಿದರೆ ಮಳೆಗಾಲದಲ್ಲಿ ಸೋರುವುದು ಖಂಡಿತ. ಅಲ್ಲದೆ ಮನೆಯ ಮೂಡಣ ಬದಿಗೆ ದೊಡ್ಡ ಬೇವಿನ ಮರವಿದೆ. ಮೊದಲೇ ಇಲ್ಲಿ ಪ್ರಸಾರ ಸರಿಯಾಗಿ ಬರುತ್ತಿರಲಿಲ್ಲ, ಉದ್ದನೆಯ ಪೈಪು ನಿಲ್ಲಿಸಿ ಆಂಟೆನಾ ಏರಿಸಿದ ಮೇಲೆಯೇ ಚಿತ್ರ ಕಾಣುತ್ತಿತ್ತು. ಅಂಥ ಊರಿನಲ್ಲಿ ಡಿಶ್ ಹಿಡಿಯುತ್ತದೆಯೇ ಎಂಬ ಅನುಮಾನ.

ಉತ್ತರ 2
ನಿವೃತ್ತ ಮಾಸ್ತರ, ವಿಜಯಪುರ ಜಿಲ್ಲೆ

ಆ ಅನುಮಾನ ಬೇಡ. ನೆಲದ ಟವರಿನ ಪ್ರಸಾರಕ್ಕೆ ಊರು ದೂರವಾದಷ್ಟೂ, ನಡುವೆ ಗುಡ್ಡ ದಿಬ್ಬ ಬಂದಷ್ಟೂ ಬಲ ಕುಂದುತ್ತಿತ್ತು. ಉಪಗ್ರಹವಾದರೋ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ, ಆದ್ದರಿಂದ ಮುಧೋಳಕ್ಕೂ ಬೆಳಗಾವಿಗೂ ಅದರ ದೂರದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಪಟ್ಟಣಕ್ಕೆ ಸಿಗುವ ಚಿತ್ರವೇ ಹಳ್ಳಿಗೂ ಸಿಗುತ್ತದೆ.

ನಮ್ಮ ಜಿಲ್ಲೆಗೆ ಡಿಶ್ ಹೊಸದೂ ಅಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಒಂದು ವರ್ಷ, ಎಟಿಎಸ್-6 ಎಂಬ ಅಮೆರಿಕದ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಪ್ರಸಾರ ಮಾಡಿದ 'ಸೈಟ್' ಎಂಬ ಪ್ರಯೋಗ ನಡೆದಾಗ, ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಈಗಿನ ಬಾಗಲಕೋಟೆ ಜಿಲ್ಲೆ ಆಗ ವಿಜಾಪುರದಲ್ಲಿಯೇ ಸೇರಿತ್ತು. ನಾನು ಆಗ ನಾಲ್ಕನೆಯ ಇಯತ್ತೆಯ ಹುಡುಗ. ಕೋಳಿಗೂಡಿನ ಜಾಳಿಗೆಯಂಥ ತಂತಿಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಆ ಆಂಟೆನಾವನ್ನು ಮುಟ್ಟಬಾರದೆಂದು ಗುರುಗಳು ಗದರಿಸುತ್ತಿದ್ದದ್ದು ಇನ್ನೂ ನೆನಪಿದೆ. ದೊಡ್ಡ ಪಟ್ಟಣಗಳೆಷ್ಟೋ ಟಿವಿ ಕಾಣದಿದ್ದ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳು ಆಕಾಶದಿಂದ ನೇರವಾಗಿ ಚಿತ್ರ ಇಳಿಸಿಕೊಂಡಿದ್ದವು. ಅಂದು ಮೂರು ಮೀಟರ್ ಬೇಕಾಗಿದ್ದ ಕೆಲಸ ಇಂದು ಮೊರದಷ್ಟು ಅಗಲದ ತಟ್ಟೆಯಲ್ಲಿ ಆಗುತ್ತಿದೆ.

ಈಗ ಜಾಗದ ವಿಷಯ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಅಕ್ಷಾಂಶ ರೇಖಾಂಶಗಳಿಂದ ಲೆಕ್ಕ ಹಾಕಿದರೆ ಮುಧೋಳದಿಂದ ಅದರ ದಿಕ್ಕು ಉತ್ತರದಿಂದ ಬಲಕ್ಕೆ ಎಣಿಸಿದಾಗ ಸುಮಾರು 130 ಡಿಗ್ರಿ, ಅಂದರೆ ನೇರ ಆಗ್ನೇಯಕ್ಕಿಂತ ಸ್ವಲ್ಪ ಮೂಡಣಕ್ಕೆ. ಎತ್ತರ ಸುಮಾರು 61 ಡಿಗ್ರಿ. ಬೆಳಗಾವಿಯವರಿಗೆ ದಿಕ್ಕು 128, ವಿಜಯಪುರದವರಿಗೆ 132 ಆಗುತ್ತದೆ, ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಉಪಗ್ರಹ ಇಷ್ಟು ನೆತ್ತಿಯ ಸಮೀಪವಿರುವುದರಿಂದ ಡಿಶ್ಶನ್ನು ಮಾಳಿಗೆಗೆ ಏರಿಸಲೇಬೇಕೆಂಬ ನಿಯಮವಿಲ್ಲ. ಹಳೆಯ ಆಂಟೆನಾಕ್ಕೆ ಎತ್ತರವೇ ಜೀವವಾಗಿತ್ತು, ಡಿಶ್ಶಿಗೆ ಎತ್ತರದಿಂದ ಬರುವ ಲಾಭ ಏನೂ ಇಲ್ಲ. ಆ ದಿಕ್ಕಿನಲ್ಲಿ ಆಕಾಶ ಬಯಲಾಗಿದ್ದರೆ ಹಿತ್ತಲಿನ ನೆಲದ ಮೇಲೆ, ದನದ ಕೊಟ್ಟಿಗೆಯ ಕಲ್ಲಿನ ಗೋಡೆಗೆ, ಎಲ್ಲಿ ಕೂಡಿಸಿದರೂ ಅಷ್ಟೇ ಬರುತ್ತದೆ. ನಿಮ್ಮ ಮಣ್ಣಿನ ಮಾಳಿಗೆಯನ್ನು ಮುಟ್ಟಬೇಡಿ.

ಮರದ ಅಡ್ಡಿಯನ್ನು ಹೀಗೆ ಅಳೆಯಬಹುದು. ಡಿಶ್ಶಿನಿಂದ ಮರದ ಅಂಚು ಎಷ್ಟು ದೂರವಿದೆಯೋ ಅದರ 1.8 ಪಟ್ಟಿಗಿಂತ ಮರ ಡಿಶ್ಶಿನ ಮಟ್ಟದಿಂದ ಎತ್ತರವಾಗಿರಬಾರದು. ಐದು ಮೀಟರ್ ದೂರದ ಮರ ಒಂಬತ್ತು ಮೀಟರಿನೊಳಗಿದ್ದರೆ ಅಡ್ಡಿಯಿಲ್ಲ. ಬೇವು ನೇರ ಮೂಡಣಕ್ಕಿದ್ದು ಆಗ್ನೇಯ ಬಯಲಾಗಿದ್ದರೆ ಆ ಚಿಂತೆಯೂ ಬೇಡ. ಇನ್ನೊಂದು ಸಹಜವಾದ ಅಳತೆಯೂ ಉಂಟು. ಮಾರ್ಚ್ ಎರಡನೆಯ ವಾರದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಬೆಳಿಗ್ಗೆ ಸುಮಾರು 11 ಗಂಟೆಗೆ, ಸೂರ್ಯನು ಆ ಉಪಗ್ರಹದ ಹಿಂದೆಯೇ ಬಂದು ನಿಲ್ಲುತ್ತಾನೆ. ಆ ಹೊತ್ತಿಗೆ ನೀವು ನೋಡಿಟ್ಟ ಜಾಗದಲ್ಲಿ ಮರದ ನೆರಳು ಬೀಳದೆ ಬಿಸಿಲಿದ್ದರೆ ಡಿಶ್ಶಿಗೂ ದಾರಿ ತೆರೆದಿದೆ ಎಂದರ್ಥ. ಅದೇ ದಿನಗಳಲ್ಲಿ ಆ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗಿ ಬರಬಹುದು. ಬಿಸಿಲಿನ ಜೊತೆಗೆ ಸೂರ್ಯನಿಂದ ಬರುವ ರೇಡಿಯೋ ಸದ್ದು ಉಪಗ್ರಹದ ಸಂಕೇತವನ್ನು ಮುಚ್ಚುವುದರಿಂದ ಹಾಗಾಗುತ್ತದೆ. ಆಗ ಗಾಬರಿಯಾಗಿ ಡಿಶ್ಶನ್ನು ತಿರುಗಿಸಬಾರದು.

ನೆಲದ ಮೇಲೆ ಕೂಡಿಸುವುದಾದರೆ ದಪ್ಪ ಫರಸಿ ಕಲ್ಲಿಗೆ ಡಿಶ್ಶಿನ ಕಾಲನ್ನು ನಾಲ್ಕು ಬೋಲ್ಟುಗಳಿಂದ ಬಿಗಿದು, ಕಲ್ಲನ್ನು ನೆಲದಲ್ಲಿ ಅರ್ಧ ಹೂತು, ಸುತ್ತ ಕಾಂಕ್ರೀಟು ಹಾಕಿಸಿ. ಆಷಾಢದ ಗಾಳಿಗೆ ಒಂದು ಬೆರಳಿನಷ್ಟು ಅಲುಗಿದರೂ ಚಿತ್ರ ಹೋಗುತ್ತದೆ. ದನಗಳು ಮೈ ತಿಕ್ಕದಂತೆ ಒಂದು ಬೇಲಿಯೂ ಬೇಕು.

ಟಿವಿ ರಿಪೇರಿ, ಶಹಾಪುರ, ಬೆಳಗಾವಿ

ಮಾಸ್ತರರು ಜಾಗದ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದು ಸ್ವಲ್ಪ. ಈ ಡಿಶ್ಶುಗಳು ಆಫ್‌ಸೆಟ್ ಬಗೆಯವು, ಅಂದರೆ ಎಲ್‌ಎನ್‌ಬಿ ನಡುವಿಗೆ ನೇರವಾಗಿರದೆ ಕೆಳಬದಿಗೆ ಇರುವಂಥವು, ಆದ್ದರಿಂದ ಎತ್ತರ 61 ಡಿಗ್ರಿ ಇದ್ದರೂ ಡಿಶ್ಶಿನ ಮುಖ ಕಣ್ಣಿಗೆ ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ತಗ್ಗಿ ನೋಡುತ್ತಿರುವಂತೆ ಕಾಣುತ್ತದೆ. ಹೊಸಬರು ಇದನ್ನು ಕಂಡು ತಪ್ಪೆಂದು ತಿಳಿದು ಮುಖವನ್ನು ಮೇಲಕ್ಕೆತ್ತಿ ಸಂಕೇತ ಕಳೆದುಕೊಳ್ಳುತ್ತಾರೆ. ಬಾಕ್ಸಿನಲ್ಲಿ ಎಲ್‌ಎನ್‌ಬಿ ಸೆಟ್ಟಿಂಗನ್ನು 9750/10600 ಇಟ್ಟು, 11090 ವರ್ಟಿಕಲ್ 29500 ಎಂಬ ಟ್ರಾನ್ಸ್‌ಪಾಂಡರನ್ನು (ಉಪಗ್ರಹದ ಒಂದು ಪ್ರಸಾರ ದಾರಿ) ಆರಿಸಿಕೊಂಡು, ಡಿಶ್ಶನ್ನು ಒಂದು ಸಲಕ್ಕೆ ಕೂದಲೆಳೆಯಷ್ಟು ಸರಿಸಿ ಮೂರು ಎಣಿಸುವಷ್ಟು ಹೊತ್ತು ಕಾಯಬೇಕು, ಏಕೆಂದರೆ ಬಾಕ್ಸ್ ಸಂಕೇತವನ್ನು ಗುರುತಿಸಲು ಅಷ್ಟು ಸಮಯ ತೆಗೆದುಕೊಳ್ಳುತ್ತದೆ. ಪರದೆಯ ಮೇಲೆ ಎರಡು ಪಟ್ಟಿಗಳು ಕಾಣುತ್ತವೆ. 'ಸ್ಟ್ರೆಂತ್' ಎಂಬುದು ವೈರು ಮತ್ತು ಎಲ್‌ಎನ್‌ಬಿ ಸರಿ ಇವೆಯೆಂದು ಹೇಳುತ್ತದೆಯೇ ಹೊರತು ಉಪಗ್ರಹ ಸಿಕ್ಕಿತೆಂದು ಹೇಳುವುದಿಲ್ಲ. ನೀವು ನೋಡಬೇಕಾದದ್ದು 'ಕ್ವಾಲಿಟಿ'ಯನ್ನು. ಪಕ್ಕದಲ್ಲೇ 95 ಡಿಗ್ರಿಯಲ್ಲಿ ಬೇರೊಂದು ಡಿಟಿಎಚ್ ಸೇವೆಯ ಉಪಗ್ರಹವಿದೆ, ಒಂದೂವರೆ ಡಿಗ್ರಿ ತಪ್ಪಿದರೆ ಡಿಶ್ ಅದರ ಕಡೆಗೆ ನೋಡುತ್ತಿರುತ್ತದೆ. ಕ್ವಾಲಿಟಿ ಬಂದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿಯೇ ನಿಧಾನವಾಗಿ ತಿರುಗಿಸಿ, ಪಟ್ಟಿ ಎಲ್ಲಿ ಅತಿ ಹೆಚ್ಚಾಗುತ್ತದೆಯೋ ಅಲ್ಲಿ ಬಿಗಿಯಿರಿ.

ಕೆಂಪು ತೂತಿಲ್ಲದ್ದು ತೊಂದರೆಯಲ್ಲ, ನಿಮ್ಮ ಟಿವಿ ಮೋನೋ. ಹಳದಿಗೆ ಹಳದಿ, ಬಿಳಿಗೆ ಬಿಳಿ ಜೋಡಿಸಿ ಕೆಂಪು ಪಿನ್ನನ್ನು ಬಿಟ್ಟುಬಿಡಿ, ಆದರೆ ಬಾಕ್ಸಿನ ಮೆನುವಿನಲ್ಲಿ ಆಡಿಯೋವನ್ನು 'ಮೋನೋ' ಎಂದು ಬದಲಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎಡಗಡೆಯ ಧ್ವನಿ ಮಾತ್ರ ಬಂದು ಕೆಲವು ಕಾರ್ಯಕ್ರಮಗಳಲ್ಲಿ ಹಾಡುಗಾರರ ದನಿ ಕ್ಷೀಣವಾಗುತ್ತದೆ. ಚಿತ್ರ ಬಣ್ಣವಿಲ್ಲದೆ ಬಂದರೆ ಅಥವಾ ಮೇಲೆ ಕೆಳಗೆ ಉರುಳಿದರೆ ಬಾಕ್ಸ್ ಅಮೆರಿಕದ ಬಣ್ಣದ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿದೆ ಎಂದು ತಿಳಿದು ನಮ್ಮ ದೇಶದ ಪದ್ಧತಿಯಾದ 'ಪಾಲ್'ಗೆ ಬದಲಿಸಿ. ಮುಖಗಳು ಉದ್ದವಾಗಿ ಹಿಗ್ಗಿ ಕಂಡರೆ ಅಳತೆಯನ್ನು 4:3 ಲೆಟರ್ ಬಾಕ್ಸ್ ಮಾಡಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಆದರೆ ವಾರ್ತೆಯ ಅಕ್ಷರಗಳು ಅಂಚಿನಲ್ಲಿ ಕತ್ತರಿಸಿ ಹೋಗುವುದಿಲ್ಲ. ರಿಮೋಟಿಲ್ಲದೆ ಎವಿಗೆ ಹೋಗಲು ಟಿವಿಯ ಮೇಲಿನ ಚಾನೆಲ್ ಇಳಿಸುವ ಗುಂಡಿಯನ್ನು ಒತ್ತುತ್ತ ಹೋಗಿ. ಹಲವು ಹಳೆಯ ಟಿವಿಗಳಲ್ಲಿ ಮೊದಲ ಚಾನೆಲ್ಲಿನ ಹಿಂದೆ ಎವಿ ಇರುತ್ತದೆ.

ಉತ್ತರ 3
ಕೇಬಲ್ ನಡೆಸುವವನು, ನವನಗರ, ಬಾಗಲಕೋಟೆ

ನನ್ನ ಉದ್ಯೋಗ ಕೇಬಲ್ಲಿನದಾದರೂ, ಚಂದನ ಮತ್ತು ದೂರದರ್ಶನದ ಉಳಿದ ವಾಹಿನಿಗಳಷ್ಟೇ ಬೇಕೆಂದರೆ ಫ್ರೀ ಡಿಶ್ ಸರಿಯಾದ ಆಯ್ಕೆಯೆಂದು ನಾನೂ ಒಪ್ಪುತ್ತೇನೆ. ಆದರೆ ಮನೆಯಲ್ಲಿ ಉಳಿದವರಿಗೆ ಖಾಸಗಿ ವಾಹಿನಿಗಳ ಧಾರಾವಾಹಿಗಳು ಬೇಕಾಗಿದ್ದರೆ ಮೊದಲೇ ಮಾತಾಡಿಕೊಳ್ಳಿ, ಫ್ರೀ ಡಿಶ್ಶಿನಲ್ಲಿ ಬಾರದವಕ್ಕೆ ಹಣ ಕೊಟ್ಟೇ ಕೇಬಲ್ ಅಥವಾ ಡಿಟಿಎಚ್ ಪಡೆಯಬೇಕಾಗುತ್ತದೆ. ಪಟ್ಟಣಗಳಲ್ಲಿ ಅನಲಾಗ್ ಕೇಬಲ್ 2017ರ ಜನವರಿ 31ಕ್ಕೆ, ಹಳ್ಳಿಗಳಲ್ಲಿ ಅದೇ ವರ್ಷದ ಮಾರ್ಚ್ 31ಕ್ಕೆ ನಿಲ್ಲಬೇಕೆಂದು ಸರ್ಕಾರ ಗಡುವು ಇಟ್ಟಿತ್ತು. ಆಗಲೂ ಬಹಳ ಜನ ಟಿವಿಯೇ ಹಳೆಯದಾಯಿತೆಂದು ತಪ್ಪು ತಿಳಿದು ಗುಜರಿಗೆ ಕೊಟ್ಟರು. ಬಾಕ್ಸ್ ಕೂಡಿಸಿಕೊಂಡಿದ್ದರೆ ಸಾಕಾಗಿತ್ತು. ಮನೆಮನೆಗೆ ಹೋಗಿ ತಿಳಿಸಿ ಹೇಳುವುದು ನಮ್ಮಂಥವರ ಕೆಲಸವಾಗಿತ್ತು, ಅದನ್ನು ನಾವು ಸಾಲುವಷ್ಟು ಮಾಡಲಿಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ.

ವೈರಿನ ಬಗ್ಗೆ ಒಂದು ಸಲಹೆ. ಹಿತ್ತಲಿನಿಂದ ಮನೆಯೊಳಗೆ ವೈರು ತರುವಾಗ ಗೋಡೆಯ ಹೊರಗೆ ಅದನ್ನು ಒಮ್ಮೆ ಕೆಳಕ್ಕೆ ಬಾಗಿಸಿ ನಂತರ ತೂತಿನೊಳಗೆ ಏರಿಸಿ, ಮಳೆನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಎಲ್‌ಎನ್‌ಬಿಯ ಬಳಿಯ ಜೋಡಣೆಗೆ ರಬ್ಬರ್ ಟೇಪು ಸುತ್ತಿ. ಮಳೆಗಾಲ ಕಳೆದ ಮೇಲೆ ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಪಿನ್ನಿನೊಳಗೆ ನೀರು ಹೋಗಿ ತಾಮ್ರ ಹಸಿರುಗಟ್ಟಿದಂಥವು.

ಘಟಪ್ರಭಾ ದಂಡೆ

ಎಲ್ಲ ಹಿರಿಯರಿಗೂ ಶರಣು. ಕೆಲಸ ಮುಗಿಸಿ ಬರೆಯುತ್ತಿದ್ದೇನೆ. ಹಿತ್ತಲಿನ ಆಗ್ನೇಯ ಬದಿ ಬಯಲಾಗಿಯೇ ಇತ್ತು, ಬೇವಿನ ಮರ ಎಡಕ್ಕೆ ಉಳಿಯಿತು. ಮನೆಯ ಮುಂದೆ ಮಿಕ್ಕಿ ಬಿದ್ದಿದ್ದ ಫರಸಿ ಕಲ್ಲಿಗೆ ಕಾಲು ಬಿಗಿದು ಹೂಳಿದೆವು. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಡಿಶ್ಶಿನ ಹತ್ತಿರ ಹಿಡಿದಾಗ ತಪ್ಪು ತೋರಿಸುತ್ತಿತ್ತು, ಹತ್ತು ಹೆಜ್ಜೆ ದೂರ ನಿಂತು ದಿಕ್ಕು ಗುರುತಿಸಿಕೊಂಡ ಮೇಲೆ ಸರಿಯಾಯಿತು. ಆದರೂ ಮೊದಲ ದಿನ ಸಂಜೆಯವರೆಗೆ ಸ್ಟ್ರೆಂತ್ ತುಂಬಿ ನಿಂತು ಕ್ವಾಲಿಟಿ ಸೊನ್ನೆಯಲ್ಲೇ ಇತ್ತು. ಮರುದಿನ ಬೆಳಿಗ್ಗೆ ಮನೆಯವಳು ಟಿವಿಯ ಮುಂದೆ ಕುಳಿತು ಫೋನಿನಲ್ಲಿ ಅಂಕಿ ಹೇಳುತ್ತ ಹೋದಂತೆ, ಮೂರು ಎಣಿಸಿ ಸರಿಸುತ್ತ, ಡಿಶ್ಶನ್ನು ಮೂಡಣದಿಂದ ತೆಂಕಣದ ಕಡೆಗೆ ಎರಡು ಬೆರಳು ತಿರುಗಿಸಿದಾಗ ಕ್ವಾಲಿಟಿ ಒಮ್ಮೆಲೇ ಏರಿತು. ಎಲ್‌ಎನ್‌ಬಿ ತಿರುಗಿಸಿದ ಮೇಲೆ ಈಗ 70ರ ಮೇಲೆ ನಿಂತಿದೆ.

ಚಿತ್ರ ಮೊದಲು ಕಪ್ಪು ಬಿಳುಪಾಗಿ ಬಂತು. ಪಾಲ್‌ಗೆ ಬದಲಿಸಿದ ಕೂಡಲೇ ಬಣ್ಣ ತುಂಬಿತು. ಅವ್ವ ಅಂದು ರಾತ್ರಿ ವಾರ್ತೆ ಮುಗಿಯುವವರೆಗೆ ಏಳಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಟಿವಿ ಚುಕ್ಕಿಗಳ ಚಾನೆಲ್ಲಿಗೇ ಮರಳುವುದರಿಂದ, ಚಾನೆಲ್ ಇಳಿಸುವ ಗುಂಡಿಯ ಮೇಲೆ ಕೆಂಪು ಟಿಕಳಿ ಹಚ್ಚಿ ಅವ್ವನಿಗೆ ತೋರಿಸಿದ್ದೇನೆ. ಬಾಕ್ಸಿನ ರಿಮೋಟಿನಲ್ಲಿ ಚಂದನವನ್ನು ಮೆಚ್ಚಿನ ಪಟ್ಟಿಯ ಮೊದಲ ಸಾಲಿಗೆ ತಂದಿದ್ದೇನೆ. ಹಳೆಯ ಚಪ್ಪಟೆ ಆಂಟೆನಾ ಮತ್ತು ಬಾಕ್ಸನ್ನು ರಸೀದಿಯೊಂದಿಗೆ ಒಯ್ದಾಗ ಅಂಗಡಿಯವರು ಮೊದಲು ಒಪ್ಪದೆ, ನಮ್ಮ ಜಿಲ್ಲೆಯಲ್ಲಿ ಆ ಪ್ರಸಾರವೇ ಇಲ್ಲವೆಂಬುದನ್ನು ವಿವರಿಸಿದ ಮೇಲೆ ಹಣದ ಬದಲಿಗೆ ವೋಲ್ಟೇಜ್ ಸ್ಟೆಬಿಲೈಜರ್ ಕೊಟ್ಟರು. ಅದು ನಮಗೆ ಬೇಕಾಗಿಯೂ ಇತ್ತು.

ಮಾಳಿಗೆಯ ಮೇಲಿನ ಆಂಟೆನಾ ಪೈಪನ್ನು ಗುಡುಗು ಸಿಡಿಲಿನ ದಿನಗಳು ಬರುವ ಮೊದಲೇ ಇಳಿಸಿ, ಅದರ ತೂತಿಗೆ ಮಣ್ಣು ಮೆತ್ತಿ ಮುಚ್ಚಿದ್ದೇವೆ. ಮುಂಗಾರಿನ ದೊಡ್ಡ ಮಳೆಗೆ ಕ್ವಾಲಿಟಿ ಎಷ್ಟು ಇಳಿಯುತ್ತದೆ ಎಂಬುದನ್ನು ಬರೆದಿಟ್ಟುಕೊಂಡು ಇಲ್ಲಿಯೇ ತಿಳಿಸುತ್ತೇನೆ.